ಆಪರೇಷನ್ ಕೋಣೆಯ ಬಾಗಿಲಲ್ಲಿ ಐಸ್ ಅಕ್ಕ
ದೇಹದಿಂದ ಹೊರಬಂದ ಅಂಡಾಶಯದ ಚೂರು ಯಾರಿಗಾಗಿಯೂ ಕಾಯುವುದಿಲ್ಲ. ಅದರಲ್ಲಿ ಯಾವ ಜೀನ್ ಎಚ್ಚರವಾಗಿತ್ತು, ಯಾವ ಪ್ರೋಟೀನ್ ತಯಾರಾಗುತ್ತಿತ್ತು ಎಂದು ತಿಳಿಯಬೇಕಾದರೆ ಕೂಡಲೇ ಹೆಪ್ಪುಗಟ್ಟಿಸಬೇಕು. ಅದಕ್ಕೇ ಈ ಲ್ಯಾಬ್ ಟೆಕ್ನಿಶಿಯನ್ ಆಪರೇಷನ್ ಕೋಣೆಯ ಬಾಗಿಲಲ್ಲಿ ಐಸ್ ಡಬ್ಬಿ ತಬ್ಬಿಕೊಂಡು ನಿಂತಿರುತ್ತಾಳೆ. ಆಸ್ಪತ್ರೆಗೆಲ್ಲ ಅವಳು ಐಸ್ ಅಕ್ಕ. ದೊಡ್ಡ ಡಾಕ್ಟರು ಕೆಮ್ಮಿದರೂ "ಕೆಮ್ಮು ಆಮೇಲೆ ಸಾರ್, ಚೂರು ಮೊದಲು!" ಎನ್ನುತ್ತಾಳೆ, ಲಿಫ್ಟನ್ನು ನಂಬದೆ ನಾಲ್ಕು ಮಹಡಿ ಓಡುತ್ತಾಳೆ, ಎದುರಿಗೆ ಬಂದವರು ಗೋಡೆಗೆ ಅಂಟಿಕೊಳ್ಳುತ್ತಾರೆ. ತನ್ನ ಮದುವೆಗೇ ತಡವಾಗಿ ಹೋದವಳು ಚೂರಿಗೆ ಮಾತ್ರ ಒಂದು ನಿಮಿಷವೂ ತಡಮಾಡಿದವಳಲ್ಲ. ರೋಗದ ಚೂರುಗಳ ಜೊತೆ ಹೋಲಿಸಿ ನೋಡಲು ಎಂಟು ತಿಂಗಳಿಂದ ಅವಳು ಹುಡುಕುತ್ತಿದ್ದದ್ದು ರೋಗ ತಗುಲದ ಒಂದು ಅಂಡಾಶಯ. ಮೊನ್ನೆ ಒಬ್ಬ ಹೆಂಗಸಿಗೆ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಯುವ ಆಪರೇಷನ್ ಇತ್ತು, ಅದು ಸಿಗುವುದರಲ್ಲಿತ್ತು. ಆದರೆ ಸಂಶೋಧನೆಯ ಒಪ್ಪಿಗೆ ಪತ್ರದಲ್ಲಿದ್ದದ್ದು ಗಂಡನ ಸಹಿ ಮಾತ್ರ. "ನಾನು ಬೇರೆ, ಅವಳು ಬೇರೆನಾ ಮೇಡಂ?" ಎಂದ ಅವನು. "ಅಂಡಾಶಯ ಇರೋದು ಅವರ ಹೊಟ್ಟೇಲಿ ಅಣ್ಣಾ, ನಿಮ್ಮ ಹೊಟ್ಟೇಲಲ್ಲ!" ಎಂದಳು ಇವಳು. ಹೆಂಡತಿಯನ್ನು ಕೇಳೋಣವೆಂದರೆ ಆಗಲೇ ಅರಿವಳಿಕೆ ಕೊಟ್ಟಾಗಿತ್ತು. ಐಸ್ ಅಕ್ಕ ಹೊಟ್ಟೆ ಉರಿಸಿಕೊಂಡೇ ಖಾಲಿ ಡಬ್ಬಿಯೊಂದಿಗೆ ವಾಪಸಾದಳು. ನಿಮ್ಮ ಮನೆಯ ಹೆಣ್ಣುಮಗಳ ಮುಂದೆ ಇಂಥ ಕಾಗದ ಬಂದಾಗ ಪೆನ್ನನ್ನು ಅವಳ ಕೈಗೆ ಕೊಡಿ. ಅವಳು ಓದಿ, ನಾಲ್ಕು ಪ್ರಶ್ನೆ ಕೇಳಿ, ಕೊನೆಗೆ ಬೇಡವೆಂದರೂ ಬಾಯಿ ಮುಚ್ಚಿಕೊಂಡಿರಿ.