ಕಲ್ಲಜ್ಜನಿಗೆ ಇಲ್ಲದ ಬಲಗೈ

ಮೈಮೇಲೆ ದೇವರು ಬರುತ್ತದೆ ಎನ್ನುವವರನ್ನು ನಾನು ನಂಬಿದವನಲ್ಲ. ಅವರ ಹಾಗೆ ನಡುಗಿ ತೋರಿಸಿ ಎಷ್ಟೋ ಸಂಜೆ ಚಹಾ, ಪರೋಟ ಗಿಟ್ಟಿಸಿಕೊಂಡವನು. ಎಡಗಾಲಿನ ಹೆಬ್ಬೆರಳಿನಿಂದ ನಡುಕ ಶುರು ಮಾಡಬೇಕು, ಅದು ಮೊಣಕಾಲಿಗೆ ಬರುವಷ್ಟರಲ್ಲಿ ಕಣ್ಣುಗುಡ್ಡೆ ಮೇಲೆ ಹೋಗಿರಬೇಕು, ಆಮೇಲೆ ಗುಂಪಿನಲ್ಲಿ ಯಾರಾದರೊಬ್ಬರು ಅಳುವ ತನಕ ಕಾಯಬೇಕು. ಗುಟ್ಟು ಇಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಓದಿ ನೀವು ನಗುವ ಮೊದಲು ನಾನೇ ಒಂದು ಸಲ ನಕ್ಕಿರುವುದು ಒಳ್ಳೆಯದು.

ನಮ್ಮದು ಗಡಿಯಾಚೆ, ಮಲಯಾಳ ಸೀಮೆಯ ನೂಲ್ಪುಳದ ಕಡೆ. ತಾತ ಗುಂಡ್ಲುಪೇಟೆಯಿಂದ ವೀಳ್ಯದೆಲೆ, ಹೊಗೆಸೊಪ್ಪು ಹೊತ್ತು ಮಾರಲು ಬಂದು ಇಲ್ಲೇ ಉಳಿದವರು. ಹಾಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಬೈಸಿಕೊಳ್ಳುವುದು ಎರಡರಲ್ಲೂ. ಇಂಥ ಜಾಗದಲ್ಲಿ ಹುಟ್ಟಿದವನಿಗೆ ಅಣಕ ಯಾರೂ ಕಲಿಸಬೇಕಾಗಿಲ್ಲ. ಚೆಕ್‌ಪೋಸ್ಟಿನ ಗಾರ್ಡು ಮೂಗಿನಲ್ಲಿ ಮಾತಾಡುವುದು, ಪಾರ್ಟಿಯ ನಾಯಕರು ಸಂಗಾತಿಗಳನ್ನು ‘ಸಖಾಕ್ಕಳೇ’ ಎಂದು ಕೂಗಿ ಮುಂದಿನ ಮಾತು ಮರೆಯುವುದು, ನಮ್ಮಪ್ಪ ಇಸ್ಪೀಟಿನಲ್ಲಿ ಸೋತೂ ಗೆದ್ದವರ ಹಾಗೆ ಮೀಸೆ ತಿರುವುವುದು, ಎಲ್ಲ ನನ್ನ ಬಳಿ ಇತ್ತು. ಹುಡುಗಿಯರ ಮುಂದೆ ನನ್ನದೇ ದನಿ ಒಡೆದು ಎಳೆ ಹುಂಜದಂತಾಗುವುದನ್ನೂ ಬಿಟ್ಟಿರಲಿಲ್ಲ.

ನನ್ನ ವಿದ್ಯೆಯ ದಾರಿ ಮಾತ್ರ ಸ್ವಲ್ಪ ಬೇರೆ. ಉಳಿದವರು ದನಿ ಹಿಡಿಯಲು ಹೋಗುತ್ತಾರೆ. ನಾನು ಮೊದಲು ಕೂರುವುದನ್ನು ಹಿಡಿಯುತ್ತೇನೆ. ಒಬ್ಬ ಮನುಷ್ಯ ಕೂರುವ ಹಾಗೆಯೇ ನೀವೂ ಕೂತರೆ, ಬೆನ್ನು ಬಗ್ಗಿದ ಕಡೆ ಬಗ್ಗಿ, ಭಾರ ಬಿಟ್ಟ ಕಡೆ ಬಿಟ್ಟರೆ, ಅವನ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅರ್ಧ ಕಂಡ ಮನುಷ್ಯನನ್ನು ಪೂರ್ತಿ ಮಾಡುವುದೇ ನಮ್ಮ ಕೆಲಸ.

ಆ ವರ್ಷ ಕಾಡಂಚಿನ ಆದಿವಾಸಿ ಹಾಡಿಗಳೆಲ್ಲ ಜಾಗದ ಹಕ್ಕು ಕೇಳಿ ಗುಡಿಸಲು ಹಾಕಿ ಕೂತಿದ್ದವು. ಅದರ ಜೊತೆಗೆ ಮರಗಳ ಮೇಲೆ ಕೆಂಪಕ್ಷರದ ಪೋಸ್ಟರುಗಳು ಕಾಣಿಸಿಕೊಂಡವು. ಅಂಟಿಸಿದವರನ್ನು ಯಾರೂ ಕಂಡಿರಲಿಲ್ಲ. ಆದರೆ ಪೊಲೀಸರಿಗೆ ಎರಡು ಮಾತು ಎದುರಾಡಿದವರೆಲ್ಲ ನಕ್ಸಲರಾಗಿಯೇ ಕಾಣುತ್ತಿದ್ದರು. ಬಿದಿರು ಮೆಳೆಯ ಪಕ್ಕ ಒಂಟಿ ಗುಡಿಸಲಿನಲ್ಲಿದ್ದ ಬೊಳ್ಳವ್ವ ಎದುರಾಡುವುದರಲ್ಲಿ ಯಾರಿಗೂ ಕಡಿಮೆಯವಳಲ್ಲ. ಅವಳಿಗೆ ಎಪ್ಪತ್ತೋ ಎಂಬತ್ತೋ, ಕೇಳಿದರೆ ನಮ್ಮ ವಯಸ್ಸನ್ನೇ ಕೇಳುತ್ತಿದ್ದಳು. ಅವಳ ಗುಡಿಸಲು ಹೋರಾಟ ಶುರುವಾದ ಮೇಲೆ ಹಾಕಿದ್ದು ಎಂದು ಕಾಡಿನ ಇಲಾಖೆಯವರ ವಾದ. ತನ್ನ ಅಜ್ಜಿ ಹೆತ್ತದ್ದೂ ಸತ್ತದ್ದೂ ಅಲ್ಲೇ ಎಂದು ಅವಳ ವಾದ. ಹಳೆಯ ಗುರುತು ಏನಾದರೂ ತೋರಿಸಿದರೆ ಹಕ್ಕುಪತ್ರ, ಇಲ್ಲದಿದ್ದರೆ ಮಳೆಗೆ ಮುಂಚೆ ಗುಡಿಸಲು ಕೀಳುವುದು ಎಂದು ತೀರ್ಮಾನವಾಗಿತ್ತು.

ಅವಳ ಬಳಿ ಇದ್ದ ಗುರುತು ಒಂದೇ. ಗುಡಿಸಲಿನ ಎದುರಿಗಿದ್ದ ಕಲ್ಲು. ಕಾಲು ಮಡಚಿ ಕೂತ ಮನುಷ್ಯನ ಆಕಾರ, ಸೊಂಟದೆತ್ತರ. ಮಳೆಗೆ ಮುಖ ಸವೆದು ಮೂಗು, ಕಣ್ಣು ಹೋಗಿ ಬರೀ ಒಂದು ನೆಮ್ಮದಿ ಉಳಿದಿತ್ತು. ಎಡಗೈ ಮಡಿಲಲ್ಲಿತ್ತು. ಬಲಗೈ ಭುಜದಿಂದಲೇ ಮುರಿದು ಹೋಗಿತ್ತು. ಬೊಳ್ಳವ್ವ ಅದನ್ನು ಕಲ್ಲಜ್ಜ ಎನ್ನುತ್ತಿದ್ದಳು, ದಿನಾ ಒಂದು ಬೆರಳು ಜೇನು ಸವರುತ್ತಿದ್ದಳು.

ಜಾಗ ನೋಡಲು ಆಫೀಸರು ಬಂದದ್ದು ಕುಂಭ ಮಾಸದ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತು. ನೆಲ ಕಾದ ಹೆಂಚಿನಂತಿತ್ತು. ಬೊಳ್ಳವ್ವನ ಮಾತನ್ನು ಮಲಯಾಳಕ್ಕೆ ತಿರುಗಿಸಲು ನನ್ನನ್ನು ಕರೆದಿದ್ದರು. ಕಾವಲಿಗೆ ಒಬ್ಬ ಪೊಲೀಸಿನವನಿದ್ದ. ಸಾಕ್ಷಿಗೆಂದು ಅಂಗಡಿಯ ಧರಣಪ್ಪಣ್ಣ ಬಂದಿದ್ದ. ಅವನು ಜೈನ. ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿಸುವವನು.

ಆಫೀಸರು ಕಲ್ಲಿನ ಸುತ್ತ ಎರಡು ಸುತ್ತು ಬಂದರು. ಕಾಲೇಜಿನಲ್ಲಿ ಚರಿತ್ರೆ ಓದಿದವರಂತೆ. “ಇದು ಬುದ್ಧ” ಎಂದರು. “ಬಲಗೈ ಮೊಣಕಾಲಿನ ಮೇಲಿಂದ ಇಳಿದು ನೆಲ ಮುಟ್ಟಿರಬೇಕು. ಇಲ್ಲಿ ಕೂರಲು ನಿನಗೆ ಯಾವ ಹಕ್ಕು ಅಂತ ಮಾರ ಕೇಳಿದಾಗ, ಈ ಭೂಮಿಯೇ ಸಾಕ್ಷಿ ಅಂತ ನೆಲ ಮುಟ್ಟಿದನಲ್ಲ, ಆ ಬುದ್ಧ.”

“ಎಲ್ಲಿಯ ಬುದ್ಧ ಸಾರ್” ಎಂದ ಧರಣಪ್ಪಣ್ಣ. “ಮೈಮೇಲೆ ಬಟ್ಟೆಯ ಗೆರೆ ಎಲ್ಲಿದೆ ತೋರಿಸಿ ನೋಡುವ. ತೀರ್ಥಂಕರರು. ಎರಡು ಕೈಯೂ ಮಡಿಲಲ್ಲೇ.”

ಪೊಲೀಸಿನವನು ಸುಮ್ಮನಿರಬಹುದಿತ್ತು. “ಕೈ ಮೇಲಕ್ಕೆತ್ತಿದ್ದು ಸಾರೇ. ಮುಷ್ಟಿ ಹಿಡಿದು. ಇವರ ಮೀಟಿಂಗ್ ಇಲ್ಲೇ ನಡೆಯುವುದು” ಎಂದ.

ನಾನು ಬೊಳ್ಳವ್ವನಿಗೆ ಎಲ್ಲ ತಿರುಗಿಸಿ ಹೇಳಿದೆ. ಅವಳು ಎಲೆಯಡಿಕೆ ಉಗಿದಳು. “ಇವ್ರೆಲ್ಲ ಎಂತ ಓದವ್ರೆ ಕೂಸೇ? ನಮ್ಮಜ್ಜ ಗೆಡ್ಡೆ ಅಗೀತಾ ಕುಂತವ್ನೆ. ಬಲಗೈಲಿ ಅಗೆಯೋ ಕೋಲು ಇತ್ತು. ಕುರುಡಂಗೂ ಕಾಣ್ತದೆ.”

ಒಂದು ಇಲ್ಲದ ಕೈಗೆ ನಾಲ್ಕು ಕೈ. ನನಗೆ ನಗು ತಡೆಯಲಿಲ್ಲ. ಆದರೆ ಆಫೀಸರು ಕಾಗದ ತೆಗೆದಾಗ ನಗು ನಿಂತಿತು. ಬುದ್ಧನೇ ಆಗಲಿ, ತೀರ್ಥಂಕರರೇ ಆಗಲಿ, ಇದು ಹಾಡಿಯವರ ಗುರುತಲ್ಲ ಎಂದು ಬರೆಯಬೇಕಾಗುತ್ತದೆ, ಪುರಾತನ ವಿಗ್ರಹವೆಂದು ಮೇಲಿನವರು ಬಂದು ಕಲ್ಲಿಗೆ ಬೇಲಿ ಹಾಕುತ್ತಾರೆ, ಬೇಲಿಯ ಒಳಗೆ ಯಾರೂ ಇರುವಂತಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ.

“ನಮ್ಮಜ್ಜಂಗೆ ಬೇಲಿ ಹಾಕಿ ನನ್ನ ಆಚೆ ಇಡ್ತಾರಾ?” ಎಂದಳು ಬೊಳ್ಳವ್ವ. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಎಲ್ರಂಗೂ ಕುಂತು ತೋರುಸ್ತೀಯಲ್ಲ. ಹೋದ ವರ್ಸ ನನ್ನಂಗೇ ಕುಂತು ಹಾಡೀನೆಲ್ಲ ನಗ್ಸಿದ್ದೆ. ಅಜ್ಜನಂಗೆ ಕುಂತು ತೋರ್ಸು. ಕೈ ಎಲ್ಲಿತ್ತು ಅಂತ ನೋಡ್ಕಳ್ಲಿ.”

ಆಫೀಸರು ಬೇಡ ಎನ್ನಲಿಲ್ಲ. ನಾನು ಕಲ್ಲಿನ ಪಕ್ಕದಲ್ಲಿ ಕಾಲು ಮಡಚಿ ಕೂತೆ. ನಿಜ ಹೇಳುತ್ತೇನೆ, ಆಗ ನನ್ನ ತಲೆಯಲ್ಲಿದ್ದದ್ದು ಕುಚೋದ್ಯವೇ. ಕಲ್ಲಿಗೆ ಕೈಯಿಲ್ಲ, ನನಗೂ ಬೇಡ ಎಂದು ಬಲಗೈಯನ್ನು ಬೆನ್ನ ಹಿಂದೆ ತಂದು ಉಟ್ಟ ಮುಂಡುಪಂಚೆಯ ಸೊಂಟದ ಸುತ್ತಿನೊಳಗೆ ತುರುಕಿ ಬಿಗಿ ಮಾಡಿಕೊಂಡೆ. ಎಡಗೈ ಮಡಿಲಿಗೆ. ಬೆನ್ನು ನೆಟ್ಟಗೆ ಮಾಡಿ, ಮುಖದ ಒಂದೊಂದೇ ಬಿಗಿ ಸಡಿಲಿಸುತ್ತ ಬಂದೆ. ಹಣೆ, ಹುಬ್ಬು, ದವಡೆ.

ಯಾವತ್ತೂ ಹೀಗೆ ಕೂತರೆ ಯಾರಾದರೂ ಬರುತ್ತಾರೆ. ಗಾರ್ಡು ಬರುತ್ತಾನೆ, ಅಪ್ಪ ಬರುತ್ತಾರೆ. ಅವತ್ತು ಯಾರೂ ಬರಲಿಲ್ಲ. ಕಾದೆ. ಬಿದಿರಿನ ಕಿರುಗುಟ್ಟುವಿಕೆ ನಿಂತಿತು. ಸೆಕೆ ನಿಂತಿತು. ಬರಬೇಕಾದವನೂ ಇಲ್ಲ, ಕಾಯುತ್ತಿದ್ದವನೂ ಇಲ್ಲ ಎನ್ನುವ ಹಾಗಾಯಿತು. ಭಯವೇನೂ ಆಗಲಿಲ್ಲ. ಅಷ್ಟು ಹಗುರವಾಗಿ ನಾನು ಎಂದೂ ಕೂತಿಲ್ಲ, ಅಷ್ಟೇ.

ಕಣ್ಣು ಬಿಟ್ಟಾಗ ಧರಣಪ್ಪಣ್ಣ ಚಪ್ಪಲಿ ಕಳಚಿ ದೂರ ಇಟ್ಟು ನಿಂತಿದ್ದ. ಪೊಲೀಸಿನವನ ಟೊಪ್ಪಿ ಕೈಯಲ್ಲಿತ್ತು. ಬೊಳ್ಳವ್ವ ನನ್ನ ಬಲ ಮೊಣಕಾಲಿನ ಮುಂದೆ ನೆಲಕ್ಕೆ ಬಗ್ಗಿದ್ದಳು. ಅಲ್ಲಿ ಒಂದು ಗುಂಡಿಯಿತ್ತು. ಮೊಳಕ್ಕೆ ಸ್ವಲ್ಪ ಕಡಿಮೆ ಆಳ. ಗುಂಡಿಯಲ್ಲಿ ಮೂರು ಕಲ್ಲು, ಒಂದನ್ನೊಂದು ನೋಡುತ್ತ ಕೂತಂತೆ. ಒಳಮೈ ಹೊಗೆ ಹಿಡಿದು ಕಪ್ಪಾಗಿತ್ತು. ಬೆರಳು ದಪ್ಪದ ಬಿದಿರಿನ ಬೇರು ಅವುಗಳ ನಡುವೆ ಹಾದು, ಒಂದು ಕಲ್ಲನ್ನು ಬಳಸಿ ಹಿಡಿದಿತ್ತು.

“ಒಲೆಗಲ್ಲು” ಎಂದಳು ಬೊಳ್ಳವ್ವ. “ನಮ್ಮ ಮನೇರು ಗುಡ್ಲು ಎತ್ತಿ ಬೇರೆ ಕಡೆ ಹೋಗೋವಾಗ ಒಲೇನ ಹೂತು ಹೋಗೋರು. ಬ್ಯಾರೆಯೋರು ಅದ್ರ ಮ್ಯಾಲೆ ಬೇಯುಸ್ಬಾರ್ದು ಅಂತ. ಇಲ್ಲೆಲ್ಲೋ ಅದೆ ಅಂತ ನಮ್ಮವ್ವ ಹೇಳೋಳು. ಎಲ್ಲಂತ ಅವ್ಳಿಗೂ ತಿಳೀದು.”

ನಾನು ಬಲಗೈಯನ್ನು ಹುಡುಕಿದೆ. ಅದು ಬೆನ್ನ ಹಿಂದೆ, ಸೊಂಟದ ಸುತ್ತಿನಲ್ಲೇ ಬಿಗಿಯಾಗಿತ್ತು. ಜೋಮು ಹಿಡಿದಿತ್ತು. ಎಳೆದು ಮುಂದೆ ತಂದೆ. ಮೂರು ಉಗುರು ಸೀಳಿದ್ದವು. ಉಗುರಿನೊಳಗೆ ಹಸಿ ಮಣ್ಣು. ಮೇಲಿನ ನೆಲ ಒಣಗಿ ಬಿರಿದಿದ್ದ ದಿನ, ಮೊಳದಾಳದಲ್ಲಿ ಮಾತ್ರ ಸಿಗುವ ಮಣ್ಣು.

ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಐದು ನಿಮಿಷ ಎಂದರು. ಇದರಲ್ಲಿ ಮಾತ್ರ ನಾಲ್ವರೂ ಒಂದೇ. ಉಳಿದದ್ದರಲ್ಲಿ ಧರಣಪ್ಪಣ್ಣ ಎರಡು ಅಂಗೈಯನ್ನೂ ನನ್ನ ಮಡಿಲಲ್ಲೇ ಕಂಡಿದ್ದ, ಆಣೆ ಮಾಡುತ್ತೇನೆ ಎಂದ. ಪೊಲೀಸಿನವನು, ಕೈ ಮೇಲೆತ್ತಿದ್ದೆ, ಆದರೆ ಮುಷ್ಟಿಯಲ್ಲ, ಹೆದರಬೇಡ ಎನ್ನುವ ಹಾಗೆ ಅಂಗೈ ತೋರಿಸಿದೆ ಎಂದ. ಅದನ್ನು ಹೇಳುವಾಗ ಅವನ ದನಿ ನನ್ನ ಅಣಕದಲ್ಲಿ ಎಂದೂ ಬಾರದಷ್ಟು ಮೆತ್ತಗಿತ್ತು. ಬೆರಳ ತುದಿ ನೆಲ ಮುಟ್ಟಿತ್ತು, ಅಷ್ಟೇ ಎಂದರು ಆಫೀಸರು. ಕೋಲು ಹಿಡಿದು ಅಗೆದೆ ಎಂದಳು ಬೊಳ್ಳವ್ವ. ಕೋಲು ಎಲ್ಲೂ ಇರಲಿಲ್ಲ.

ಆಫೀಸರು ಗುಂಡಿಯನ್ನು ಅಳೆದರು, ಬೇರನ್ನು ಮುಟ್ಟಿ ನೋಡಿದರು. ಯಾರೋ ನಿನ್ನೆ ಹೂತಿಟ್ಟದ್ದಲ್ಲ ಎಂದು ಆ ಬೇರು ತಾನೇ ಹೇಳುತ್ತಿತ್ತು. ಕಾಗದ ತುಂಬುತ್ತ ಒಂದು ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು. “ಅಗೆದವರು ಯಾರು? ಹಕ್ಕು ಕೇಳಿದವಳೇ ಅಗೆದದ್ದಾದರೆ ನಡೆಯುವುದಿಲ್ಲ. ಹೊರಗಿನವರು ಅಗೆದು, ನಾನೇ ಅಗೆದೆ ಅಂತ ಬರೆದುಕೊಡಬೇಕು. ಹೆಸರಿಲ್ಲದೆ ಈ ಕಲ್ಲುಗಳು ಲೆಕ್ಕಕ್ಕಿಲ್ಲ.”

ಗಂಡಸರು ಮೂವರೂ ನನ್ನ ಕಡೆ ನೋಡಿದರು. ಅಪ್ಪನ ರುಜು, ಹೆಡ್‌ಮಾಸ್ಟರ ರುಜು ನಿದ್ದೆಗಣ್ಣಿನಲ್ಲೂ ಹಾಕಿದವನು ನಾನು. ಒಂದು ದಿನವೂ ಬೆರಳು ಅಳುಕಿರಲಿಲ್ಲ. ಅವತ್ತು ನನ್ನದೇ ಹೆಸರು ಬರೆಯಲು ಕೈ ಬರಲಿಲ್ಲ. ನಾನು ಅಗೆದಿರಲಿಲ್ಲ. ಅಗೆದದ್ದು ನನಗೆ ಗೊತ್ತಿರಲಿಲ್ಲ ಎನ್ನಿ. ಇವೆರಡೂ ಒಂದೇಯೋ ಬೇರೆಯೋ, ಆ ಬಿಸಿಲಿನಲ್ಲಿ ತಿಳಿಯಲಿಲ್ಲ. ಬೊಳ್ಳವ್ವ ನನ್ನನ್ನು ಬೇಡಿಕೊಳ್ಳಲಿಲ್ಲ, ನೋಡಲೂ ಇಲ್ಲ. ಸೀರೆಯ ಸೆರಗಿನಿಂದ ಒಲೆಗಲ್ಲಿನ ಮಣ್ಣು ಒರೆಸುತ್ತಿದ್ದಳು. ನಾನು ರುಜು ಹಾಕಿದೆ. ಪೆನ್ನಿಗೂ ಕಾಗದಕ್ಕೂ ಒಂದಿಷ್ಟು ಮಣ್ಣು ಹತ್ತಿತು.

ಮಳೆಗೆ ಮುಂಚೆ ಹಕ್ಕುಪತ್ರ ಬಂತು. ಕಲ್ಲಿಗೆ ಬೇಲಿ ಹಾಕಲು ಈವರೆಗೆ ಯಾರೂ ಬಂದಿಲ್ಲ. ಆಮೇಲೆ ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಹಾಗೇ ಕೂತು ನೋಡಿದ್ದೇನೆ. ಬೆನ್ನು ನೋವು ಬಂದದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಆಫೀಸರು ಒಮ್ಮೆ ಬತ್ತೇರಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಈಗ ಬೇರೆ ಜಿಲ್ಲೆಯಲ್ಲಿದ್ದಾರಂತೆ. “ನೀನು ನಿಜವಾಗಿ ಅಗೆದೆಯಾ?” ಎಂದು ಕೇಳಿದರು. ನೀವು ನನ್ನ ಎದುರಿಗೇ ಇದ್ದಿರಲ್ಲ ಸಾರ್ ಎಂದೆ. “ಇದ್ದೆ. ಆದರೆ ಅಲ್ಲಿ ಕೂತಿದ್ದದ್ದು ನೀನು ಅಂತ ನನಗೆ ಆಗ ಅನ್ನಿಸಲಿಲ್ಲ” ಎಂದು ಬಸ್ಸು ಹತ್ತಿದರು.

ನಾಳೆ ಯಾರಾದರೂ ಆ ಹಕ್ಕುಪತ್ರವನ್ನು ಪ್ರಶ್ನಿಸಿ ನನ್ನನ್ನು ಕೋರ್ಟಿನಲ್ಲಿ ನಿಲ್ಲಿಸಿದರೆ, ಅಗೆದವನು ನಾನೇ ಎಂದು ದನಿ ನಡುಗದೆ ಹೇಳುತ್ತೇನೆ. ಅದರಲ್ಲಿ ನನಗೆ ಅನುಮಾನವಿಲ್ಲ. ನಿಮಗೆ ಮಾತ್ರ ಇದ್ದದ್ದು ಹೇಳಿದ್ದೇನೆ. ನನ್ನ ಕೈ ಬೆನ್ನ ಹಿಂದಿತ್ತು.