ನಾಲ್ಕು ವರ್ಷದ ಬಾಣಂತನ

ನನ್ನ ಒಗ್ಗರಣೆಗೆ ಫೈರ್ ಎಂಜಿನ್ನು ಬಂದ ಕಥೆಯನ್ನು ನಮ್ಮ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಕನ್ನಡಿಗರು ಈಗ ನಗುತ್ತಾ ಹೇಳುತ್ತಾರೆ. ಆದರೆ ಅರ್ಧ ಮಾತ್ರ ಹೇಳುತ್ತಾರೆ. ಉಳಿದರ್ಧಕ್ಕೆ ಬಂದಾಗ ದನಿ ತಗ್ಗುತ್ತದೆ, ಇಲ್ಲವೇ ಯಾರಾದರೂ ಕಾಫಿ ಬೇಕಾ ಎಂದು ಎದ್ದು ಹೋಗುತ್ತಾರೆ. ಆದ್ದರಿಂದ ಪೂರ್ತಿ ಕಥೆಯನ್ನು ನಾನೇ ಹೇಳಿಬಿಡುತ್ತೇನೆ.

ನನ್ನ ಕೆಲಸ ಹೋಗಿ ಮೂರು ವಾರವಾಗಿತ್ತು. (ಗಾಬರಿಯಾಗಬೇಡಿ. ಈ ವರ್ಷ ಇಲ್ಲಿ ಯಾರದ್ದು ಹೋಗಿಲ್ಲ? ನಮ್ಮ ಕಂಪನಿ ಇಂಟರ್‌ನೆಟ್ಟಿನಲ್ಲಿ ಹಾಸಿಗೆ, ದಿಂಬು ಮಾರಲು ಹೊರಟಿತ್ತು. ಕೊನೆಗೆ ತಾನೇ ಮಲಗಿಬಿಟ್ಟಿತು.) ಐದು ವರ್ಷದಿಂದ ಇದೇ ಅಪಾರ್ಟ್‌ಮೆಂಟಿನಲ್ಲಿದ್ದರೂ ಹಗಲಿನಲ್ಲಿ ಅದು ಹೇಗಿರುತ್ತದೆಂದು ನಾನು ನೋಡಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಫ್ರೀವೇ ಹಿಡಿದರೆ ಮರಳುತ್ತಿದ್ದದ್ದು ಕತ್ತಲಾದ ಮೇಲೆ. ನಾನೊಬ್ಬಳೇ ಅಲ್ಲ, ಇಡೀ ಕಟ್ಟಡವೇ ಹಾಗೆ.

ಆ ದಿನ ಹನ್ನೊಂದು ಗಂಟೆಗೆ ಪುರುಸೊತ್ತಾಗಿ ಬಸ್ಸಾರು ಮಾಡಲು ನಿಂತೆ. ಒಣಮೆಣಸಿನಕಾಯಿ ಸೀದುಹೋಯಿತು. ಮನೆಯ ಸ್ಮೋಕ್ ಅಲಾರಮ್ಮು ಅರಚತೊಡಗಿತು. ಹೊಗೆ ಹೋಗಲಿ ಎಂದು ಮುಂಬಾಗಿಲು ತೆರೆದೆ.

ಇಲ್ಲಿರುವವರಿಗೆ ಇಷ್ಟು ಓದಿದ ಕೂಡಲೇ ಗೊತ್ತಾಗಿರುತ್ತದೆ. ಊರಿನಲ್ಲಿರುವವರಿಗೆ ಬಿಡಿಸಿ ಹೇಳಬೇಕು. ಮನೆಯೊಳಗಿನ ಅಲಾರಮ್ಮು ನಮ್ಮೊಬ್ಬರದು, ಟವೆಲ್ಲು ಬೀಸಿದರೆ ಸುಮ್ಮನಾಗುತ್ತದೆ. ಕಾರಿಡಾರಿನದು ಇಡೀ ಕಟ್ಟಡದ್ದು. ಅದು ಕೂಗಿದರೆ ಫೈರ್ ಎಂಜಿನ್ನು ಬಂದೇ ಬರುತ್ತದೆ. ಹೊಗೆಯಾದಾಗ ಮುಂಬಾಗಿಲು ತೆರೆಯುವುದು ನಾವು ಮಾತ್ರ ಮಾಡುವ ತಪ್ಪು. ಅಮೆರಿಕನ್ನರು ಒಗ್ಗರಣೆಯನ್ನೇ ಹಾಕುವುದಿಲ್ಲವಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಹನ್ನೆರಡು ಜನ ಸೇರಿದೆವು. ಅರ್ಧ ಜನ ನನ್ನ ಹಾಗೆ ಕೆಲಸ ಹೋದವರೇ. ಕೈಯಲ್ಲಿ ಸೌಟು ಹಿಡಿದು, ಮೈಯೆಲ್ಲಾ ಮೆಣಸಿನಕಾಯಿ ಘಾಟು ಹೊತ್ತು ನಿಂತಿದ್ದ ನಾನು ನಾಚಿಕೆಯಿಂದ ಯಾರ ಮುಖವನ್ನೂ ನೋಡಲಾಗದೆ ಮೇಲೆ ನೋಡಿದೆ. ಮೂರನೆಯ ಮಹಡಿಯ ಅಡುಗೆಮನೆಯ ಕಿಟಕಿಯಲ್ಲಿ ಚಿಕ್ಕಮ್ಮ ನಿಂತಿದ್ದರು.

ಚಿಕ್ಕಮ್ಮ ಯಾರೆಂದು ಹೇಳಬೇಕು. ಮೂರನೆಯ ಮಹಡಿಯಲ್ಲಿ ಸುಮಾ ಮತ್ತು ರಾಜೇಶ್ ಇದ್ದಾರೆ. (ಹೆಸರು ಬದಲಿಸಿದ್ದೇನೆ. ಇಬ್ಬರೂ ಎಂಜಿನಿಯರುಗಳು, ಅದನ್ನು ಬದಲಿಸುವ ಅಗತ್ಯ ಕಾಣಲಿಲ್ಲ, ಇಲ್ಲಿ ಎಲ್ಲರೂ ಅದೇ.) ಯುಗಾದಿ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸುವುದರಿಂದ ಹಿಡಿದು, ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವವರೆಗೆ ರಾಜೇಶ್ ಎಲ್ಲದಕ್ಕೂ ಮುಂದು. ಅವರ ಚಿಕ್ಕಪ್ಪನ ಹೆಂಡತಿಯೇ ಈ ಚಿಕ್ಕಮ್ಮ. ಮಂಡ್ಯದ ಕಡೆಯ ಹಳ್ಳಿಯವರು, ವಿಧವೆ, ಐವತ್ತರ ಆಸುಪಾಸು. ಸುಮಾಳ ತಾಯಿಗೆ ವಿಮಾನವೆಂದರೆ ಭಯವಂತೆ. ಹಾಗಾಗಿ ಬಾಣಂತನಕ್ಕೆ ಚಿಕ್ಕಮ್ಮನನ್ನು ಕರೆಸಿಕೊಂಡಿದ್ದರು.

ಇದರಲ್ಲೇನೂ ವಿಶೇಷವಿಲ್ಲ. ನಮ್ಮಲ್ಲಿ ಪ್ರತಿ ಹೆರಿಗೆಗೂ ಊರಿನಿಂದ ಯಾರಾದರೂ ಬರುತ್ತಾರೆ. ಆರು ತಿಂಗಳ ವಿಸಿಟರ್ ವೀಸಾ. ಎಣ್ಣೆ ನೀರು ಹಾಕುತ್ತಾರೆ, ಅಂಟಿನ ಉಂಡೆ ಕಟ್ಟುತ್ತಾರೆ, ಒಂದು ಶನಿವಾರ ಗೋಲ್ಡನ್ ಗೇಟ್ ಸೇತುವೆ ನೋಡಿ ಫೋಟೋ ತೆಗೆಸಿಕೊಂಡು ವಾಪಸು ಹೋಗುತ್ತಾರೆ. ಬಾಣಂತಿಯ ಮನೆಯಲ್ಲಿರುವವರು ಹೊರಗೆ ಕಾಣಿಸದಿದ್ದರೆ ಯಾರೂ ಕೇಳುವುದಿಲ್ಲ. ಬಾಣಂತಿಗೆ ಗಾಳಿ ಸೋಕಬಾರದು, ಅವಳನ್ನು ನೋಡಿಕೊಳ್ಳುವವರಿಗೆ ಬಿಡುವಿರಬಾರದು. ಇದು ಎಲ್ಲರಿಗೂ ಗೊತ್ತಿರುವುದೇ.

ಸುಮಾಳ ಆ ಮಗು ಈಗ ಪ್ರೀಸ್ಕೂಲಿಗೆ ಹೋಗುತ್ತದೆ. ಎ ಬಿ ಸಿ ಡಿ ಬರೆಯುತ್ತದೆ, ಸೈಕಲ್ಲು ತುಳಿಯುತ್ತದೆ. ಬಾಣಂತನ ಮಾತ್ರ ಮುಗಿದಿರಲಿಲ್ಲ.

ನಾವ್ಯಾರೂ ಲೆಕ್ಕ ಹಾಕಿರಲಿಲ್ಲವೇ? ನಾನು ಹಾಕಿದ್ದೆ, ಆದರೆ ಹೊಟ್ಟೆಕಿಚ್ಚಿನಿಂದ. ಡೇಕೇರಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ ಕಾಯುತ್ತಿದ್ದ ನಮಗೆಲ್ಲ ಸುಮಾ ಮಹಾ ಅದೃಷ್ಟವಂತೆಯಾಗಿ ಕಾಣುತ್ತಿದ್ದಳು. 'ನಮ್ಮ ಚಿಕ್ಕಮ್ಮ ಇಲ್ದಿದ್ರೆ ನಾನು ಕೆಲಸಕ್ಕೆ ಹೋಗೋಕೇ ಆಗ್ತಿರ್ಲಿಲ್ಲ' ಎಂದು ಅವಳು ಅಂದಾಗಲೆಲ್ಲ, ನನಗೂ ಇಂಥ ಒಬ್ಬ ಚಿಕ್ಕಮ್ಮ ಇರಬಾರದಿತ್ತೇ ಅನ್ನಿಸುತ್ತಿತ್ತು.

ಕಿಟಕಿಯಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ಕೆಳಗೆ ಬನ್ನಿ ಎಂದು ಕೈ ಬೀಸಿದೆ. ಅವರು ತಲೆ ಅಲ್ಲಾಡಿಸಿದರು. ಅಲಾರಮ್ಮು ಕೂಗುತ್ತಲೇ ಇತ್ತು. ಮತ್ತೆ ಕರೆದೆ. ಮತ್ತೆ ಅದೇ.

ಫೈರ್‌ನವರು ಬಂದರು. ಮೇಲೊಬ್ಬರಿದ್ದಾರೆ, ಇಂಗ್ಲಿಷು ಬರುವುದಿಲ್ಲ ಎಂದೆ. ಒಬ್ಬ ಆಫೀಸರು ನನ್ನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದ. ಬಾಗಿಲಿಗೆ ಹೊರಗಿನಿಂದ ಬೀಗವೇನೂ ಇರಲಿಲ್ಲ. ಇದನ್ನು ಆಮೇಲೆ ಬಹಳ ಜನ ಎತ್ತಿ ಹೇಳಿದರು, ಬೀಗ ಇರ್ಲಿಲ್ಲವಂತಲ್ಲ ಎಂದು.

'ಚಿಕ್ಕಮ್ಮ, ನಾನು, ಕೆಳಗಿನ ಮನೆಯವಳು. ಬಾಗಿಲು ತೆಗೀರಿ.'

ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ಬೆರಳಷ್ಟು ತೆರೆಯಿತು. 'ಬರಕ್ಕಿಲ್ಲ ಕಣವ್ವ' ಅಂದರು. 'ಬೆಂಕಿ ಬಿದ್ರೂವೆ ಆಚೆಗೆ ಹೋಗ್ಬ್ಯಾಡ ಅಂದವ್ರೆ.'

'ಯಾರು ಅಂದೋರು?'

ನನ್ನ ಹಿಂದೆ ಯೂನಿಫಾರಮ್ಮಿನಲ್ಲಿ ನಿಂತಿದ್ದ ಆಫೀಸರನ್ನು ನೋಡಿ ಅವರು ಬಾಗಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. 'ವೀಸಾ ಮುಗ್ದೋಗದೆ. ಕಾಲು ಆಚೆಗಿಟ್ರೆ ಪೊಲೀಸ್ನೋರು ಹಿಡ್ಕಂಡೋಯ್ತರೆ' ಅಂದರು. ಆಮೇಲೆ ನನ್ನ ಮುಖ ನೋಡಿ, 'ನೀವೂ ಅಂಗೇ ಅಂದ್ರಲ್ಲ ತಾಯಿ, ಪಾಪನ ಬರ್ತ್‌ಡೇ ದಿನ.'

ಅಂದಿದ್ದೆ. ಮಗುವಿನ ಎರಡನೆಯ ಹುಟ್ಟುಹಬ್ಬದಲ್ಲಿ ಅವರು ಕೋಸಂಬರಿ ಬಡಿಸುತ್ತಿದ್ದಾಗ, 'ಏನ್ ಚಿಕ್ಕಮ್ಮ, ಇನ್ನೂ ಊರಿಗೆ ಹೋಗಿಲ್ವಾ? ವೀಸಾ ಮುಗಿದ್ರೆ ಪೊಲೀಸ್ರು ಬಂದ್ಬಿಡ್ತಾರೆ ಹುಷಾರು' ಅಂದಿದ್ದೆ. ಎಲ್ಲರೂ ನಕ್ಕಿದ್ದರು. ರಾಜೇಶ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ಮನೆಗೆ ಬೀಗ ಯಾಕಿರಲಿಲ್ಲ ಎಂದು ಈಗ ಅರ್ಥವಾಯಿತಲ್ಲ? ಒಂದು ಬೀಗವನ್ನು ನಾನೇ ಹಾಕಿ ಬಂದಿದ್ದೆ.

ಆಫೀಸರು ಅವರ ಮುಂಗೈ ನೋಡುತ್ತಿದ್ದ. ಮಣಿಕಟ್ಟಿನಿಂದ ಮೊಳಕೈವರೆಗೆ ಹಳೆಯ, ಹೊಸ ಸುಟ್ಟ ಗುರುತುಗಳಿದ್ದವು. ಇದೇನು ಎಂದು ಕೇಳಿದ. 'ಅಡುಗೆ ಮಾಡುವಾಗ ಆಗುತ್ತೆ' ಎಂದು ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವನು ನನ್ನನ್ನು ನೋಡಿದ. 'ನಿಮ್ಮನ್ನು ಕೇಳಲಿಲ್ಲ ಮ್ಯಾಮ್, ಅವರನ್ನು ಕೇಳಿ' ಅಂದ.

ಕೇಳಿದೆ. ಆ ಪ್ರಶ್ನೆಯನ್ನು ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದೆ.

'ಇಸ್ತ್ರಿ ಪೆಟ್ಗೆ' ಅಂದರು. ಯಾರು, ಯಾಕೆ ಎಂದು ಕೇಳಬೇಕಾಗಲಿಲ್ಲ, ಅವರೇ ಹೇಳಿದರು. ಅಂಗಿ ಮಡಿಕೆ ಸರಿ ಬರದಿದ್ದರೆ ಅವನು, ಮಗು ಅತ್ತರೆ ಅವಳು.

'ಅವರ ಹೆಸರೇನು?' ಎಂದು ಆಫೀಸರು ಕೇಳಿದ.

ನನಗೆ ಗೊತ್ತಿರಲಿಲ್ಲ. ಅವರ ಕೈಯ ಮುದ್ದೆ, ಉಪ್ಸಾರು ಎಷ್ಟು ಸಲ ತಿಂದಿಲ್ಲ ನಾನು? ಡಬ್ಬಿ ತುಂಬಿಸಿಕೊಂಡೂ ಬಂದಿದ್ದೇನೆ. ಹೆಸರು ಕೇಳಿರಲಿಲ್ಲ. ಎಲ್ಲರ ಬಾಯಲ್ಲೂ ಚಿಕ್ಕಮ್ಮ, ಅಷ್ಟೇ ಸಾಕಾಗಿತ್ತು.

'ಪುಟ್ಟತಾಯಮ್ಮ' ಎಂದು ಅವರೇ ಹೇಳಿದರು.

ಹೊಗೆ ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಆಫೀಸರು ಒಳಗೆ ಬಂದು ಕೋಣೆಗಳನ್ನು ನೋಡುತ್ತಾ ಹೋದ. ಬಟ್ಟೆ ಇಡುವ ಕ್ಲೋಸೆಟ್ಟಿನ ಬಾಗಿಲು ತೆರೆದು ಹಾಗೇ ನಿಂತುಬಿಟ್ಟ. ನೇತುಹಾಕಿದ ಕೋಟುಗಳ ಕೆಳಗೆ ಒಂದು ಚಾಪೆ, ಒಂದು ದುಪ್ಪಟಿ, ಒಂದು ಸ್ಟೀಲ್ ಡಬ್ಬಿ. ಗೋಡೆಗೆ ಒಬ್ಬ ಹುಡುಗಿಯ ಫೋಟೋ.

ಕ್ಲೋಸೆಟ್ಟಿನ ವಿಷಯ ನನಗೆ ಹೊಸದಾಗಿರಲಿಲ್ಲ. ಸುಮಾಳ ಮಗು ಒಮ್ಮೆ ನಮ್ಮ ಮನೆಯಲ್ಲಿ ಆಡುತ್ತಾ, 'ಅಜ್ಜಿ ಸ್ಲೀಪ್ಸ್ ಇನ್ ದ ಕ್ಲೋಸೆಟ್' ಅಂದಿತ್ತು. ಕಣ್ಣಾಮುಚ್ಚಾಲೆಯ ಮಾತಿರಬೇಕೆಂದು ಬಿಸ್ಕತ್ತು ಕೊಟ್ಟು ಕಳಿಸಿದ್ದೆ.

ಆಫೀಸರು ರೇಡಿಯೋದಲ್ಲಿ ಪೊಲೀಸರನ್ನು ಕರೆದ. ಪುಟ್ಟತಾಯಮ್ಮ ನನ್ನ ಸೆರಗು ಹಿಡಿದುಕೊಂಡರು. (ಸೆರಗೆಲ್ಲಿ ಬಂತು, ಟೀ ಶರ್ಟಿನ ಅಂಚು.) ನಿಮ್ಮನ್ನು ಹಿಡಿಯಲು ಅಲ್ಲ, ಬಿಡಿಸಲು ಬರುತ್ತಿದ್ದಾರೆ ಎಂದು ನಂಬಿಸುವುದಕ್ಕೆ ನನಗೆ ಒಂದು ಗಂಟೆ ಬೇಕಾಯಿತು. ನಾನು ಹೇಳಿದರೆ ಅವರು ಯಾಕಾದರೂ ನಂಬಬೇಕು?

ಅಷ್ಟರಲ್ಲಿ ರಾಜೇಶ್ ಬಂದ. ಕೂಗಾಡಲಿಲ್ಲ. 'ಮೇಡಂ, ಇದು ನಮ್ಮ ಮನೆ ವಿಷಯ. ನೀವು ಯಾಕೆ ತಲೆ ಹಾಕ್ತೀರ?' ಎಂದು ಮೆತ್ತಗೆ ಕೇಳಿದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಎಷ್ಟೋ ಸಲ ಬಳಸಿದ್ದೇನೆ. ಎದುರಿಗೆ ಕಂಡದ್ದು ಅಂದೇ.

ಸಂಜೆಯ ಹೊತ್ತಿಗೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಪಕ್ಕದೂರು ಲಾಸ್ ಆಲ್ಟೋಸಿನಿಂದ ನನ್ನ ಗೆಳತಿಯೊಬ್ಬಳು ಫೋನು ಮಾಡಿದಳು. 'ಪೊಲೀಸ್‌ವರೆಗೂ ಹೋಗ್ಬಾರ್ದಿತ್ತು ಕಣೆ. ಪಾಪ, ಅವನ ಗ್ರೀನ್ ಕಾರ್ಡು ಪ್ರೋಸೆಸ್ಸಿನಲ್ಲಿದೆ.'

'ಚಿಕ್ಕಮ್ಮನ ಕೈ ಸುಟ್ಟಿದಾರೆ ಕಣೆ.'

'ಅಯ್ಯೋ, ತಪ್ಪೇ ಬಿಡು. ಆದ್ರೂ ಊಟ ಬಟ್ಟೆಗೇನೂ ಕಮ್ಮಿ ಮಾಡಿರ್ಲಿಲ್ಲ ಅಲ್ವಾ? ಅಮೆರಿಕ ಬೇರೆ ತೋರ್ಸಿದಾರೆ.'

ತೋರಿಸಿದ್ದು ನಿಜ. ಬಂದ ವಾರದಲ್ಲೇ ಸೇತುವೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದರು. ಆಮೇಲೆ ಆ ಕಿಟಕಿಯಿಂದ ಕಾಣುವ ಪಾರ್ಕಿಂಗ್ ಲಾಟೇ ಅವರ ಅಮೆರಿಕ.

ಗೋಡೆಯ ಫೋಟೋದಲ್ಲಿದ್ದ ಹುಡುಗಿ ಅವರ ಒಬ್ಬಳೇ ಮಗಳು, ಮಂಜುಳ. ಚಿಕ್ಕಮ್ಮ ಇಲ್ಲಿಗೆ ಬಂದ ಎರಡನೆಯ ವರ್ಷ ಅವಳಿಗೆ ಗಂಡು ಮಗುವಾಯಿತು. ತಾಯಿ ಹೋಗಲಿಲ್ಲ. ಹೇಗೆ ಹೋಗುವುದು, ಪಾಸ್‌ಪೋರ್ಟು ರಾಜೇಶನ ಆಫೀಸಿನ ಡ್ರಾಯರಿನಲ್ಲಿತ್ತು. ಊರಿಗೆ ಫೋನು ಮಾಡುವಾಗ ಪಕ್ಕದಲ್ಲೇ ಸುಮಾ ನಿಂತಿರುತ್ತಿದ್ದಳು. 'ಚೆನ್ನಾಗಿವ್ನಿ' ಎಂದು ಹೇಳಿ ಇಟ್ಟುಬಿಡಬೇಕು. ಮಗಳು ಈಗ ಮತ್ತೆ ಏಳು ತಿಂಗಳ ಬಸುರಿ ಎಂಬುದೊಂದು ಮಾತ್ರ ಅವರಿಗೆ ಗೊತ್ತಿತ್ತು.

'ಎರಡ್ನೇದಕ್ಕಾದ್ರೂ ಹೋಗ್ಬೇಕು ಕಣವ್ವ' ಎಂದು ಮೊದಲ ದಿನವೇ ಹೇಳಿದರು. ಬೇರೇನೂ ಕೇಳಲಿಲ್ಲ. ಯಾರಿಗೂ ಶಾಪ ಹಾಕಲಿಲ್ಲ. ನನಗಂತೂ ಹಾಕಬಹುದಿತ್ತು.

ಇಂಥ ಹೆಂಗಸರಿಗೆ ನೆರವಾಗುವ ಸಂಸ್ಥೆಯೊಂದು ಅವರಿಗೆ ಇರಲು ಜಾಗ ಕೊಟ್ಟಿತು. ಅಲ್ಲಿ ಕನ್ನಡ ಬರುವವರಿಲ್ಲದ್ದರಿಂದ ದಿನಾ ನಾನೇ ಹೋದೆ. (ಕೆಲಸ ಹೋಗಿದ್ದಕ್ಕೆ ಮೊದಲ ಬಾರಿ ಸಂತೋಷಪಟ್ಟೆ.) ವೀಸಾ ಮುಗಿದವರು ಊರಿಗೆ ಹೊರಟರೆ ಯಾರೂ ಜೈಲಿಗೆ ಹಾಕುವುದಿಲ್ಲ ಎಂದು ವಕೀಲೆ ಹೇಳಿದಾಗ, ಅದನ್ನು ಮೂರು ಸಲ ಕನ್ನಡದಲ್ಲಿ ಹೇಳಿಸಿಕೊಂಡರು. ಬೇಕಿದ್ದರೆ ಇಲ್ಲೇ ಇದ್ದು ಕೇಸು ನಡೆಸಬಹುದು ಎಂದೂ ಆಕೆ ಹೇಳಿದಳು. ಇವರು ತಮ್ಮ ಹೇಳಿಕೆ ಕೊಟ್ಟರು, ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದರು, ಟಿಕೆಟ್ಟು ಯಾವಾಗ ಎಂದು ಕೇಳಿದರು.

ನಮ್ಮ ಮನೆಗೆ ಬಂದು ನನ್ನ ಫೋನಿನಿಂದಲೇ ಮಗಳ ಜೊತೆ ಮಾತಾಡಿದರು. ಪಕ್ಕದಲ್ಲಿ ಯಾರೂ ನಿಲ್ಲಬಾರದೆಂದು ನಾನು ಬಾಲ್ಕನಿಗೆ ಹೋದೆ. ಆದರೂ ಕೇಳಿಸಿತು. 'ಅಮೇರಿಕಾ ಬುಟ್ಟು ಬರಕ್ಕೆ ಮನ್ಸಿಲ್ಲ ಅಂದ್ರಾ? ನನಗಾ?' ಎಂದು ಕೇಳಿದರು. ಆಮೇಲೆ ಬಹಳ ಹೊತ್ತು ಬರೀ ಅಳು.

ಸುಮಾ ಮತ್ತು ರಾಜೇಶ್ ಹೇಳಿದ್ದನ್ನೇ ನಂಬಿ ಇಷ್ಟು ವರ್ಷವೂ ಆ ಮಗಳು ತಾಯಿಯನ್ನು ಬೈದುಕೊಂಡಿದ್ದಳಂತೆ. ಸೇತುವೆಯ ಮುಂದಿನ ಫೋಟೋವನ್ನು ಮಗುಚಿ ಇಟ್ಟಿದ್ದಳಂತೆ. ಇದನ್ನು ಕೇಳಿದಾಗ ನನಗೆ ಬಂದಷ್ಟು ಸಿಟ್ಟು ಆ ಸುಟ್ಟ ಕೈ ನೋಡಿದಾಗಲೂ ಬಂದಿರಲಿಲ್ಲ.

ಹೊರಡುವ ದಿನ, ಪೊಲೀಸರು ವಾಪಸು ಕೊಡಿಸಿದ ಪಾಸ್‌ಪೋರ್ಟಿನ ಜೊತೆ ಪುಟ್ಟತಾಯಮ್ಮನನ್ನು ಏರ್‌ಪೋರ್ಟಿಗೆ ಬಿಟ್ಟುಬಂದೆ. ನಾನು ಕ್ಷಮಿಸಿ ಅಂದೆ. 'ನೀವೇನ್ ಮಾಡೀರಿ, ಗೊತ್ತಿರ್ಲಿಲ್ಲ' ಎಂದರು. ಒಳ್ಳೆಯವರು ಹೇಳುವ ಮಾತು. ನಿಜ ಎನ್ನಲಾರೆ. ಕೇಸಿನ ಗತಿ ಏನಾಗುತ್ತದೋ ಕೋರ್ಟು ನೋಡಿಕೊಳ್ಳುತ್ತದೆ. ಸುಮಾ ಮತ್ತು ರಾಜೇಶ್ ಮನೆ ಖಾಲಿ ಮಾಡಿದ್ದಾರೆ. ನಮ್ಮವರ ನಡುವೆ ನನಗೆ ಊಟದ ಕರೆಗಳು ಕಡಿಮೆಯಾಗಿವೆ.

ಕಳೆದ ವಾರ ಊರಿನಿಂದ ಪುಟ್ಟತಾಯಮ್ಮನ ಫೋನು ಬಂತು. ಮಂಜುಳನಿಗೆ ಹೆಣ್ಣು ಮಗು. ಹೆರಿಗೆಗೆ ಆರು ದಿನ ಮೊದಲೇ ಅವ್ವ ಮನೆ ತಲುಪಿದ್ದರು. ಹಿಂದಿನಿಂದ ಕೂಸಿನ ಅಳು ಕೇಳಿಸುತ್ತಿತ್ತು. ನೀರು ಕಾಯ್ತಾ ಅದೆ, ಬೇಗ ಮಾತಾಡಿ ಅಂದರು. ಮಗಳು ಎಷ್ಟು ದಿನ ನಿಮ್ಮ ಹತ್ತಿರ ಇರ್ತಾಳೆ ಎಂದು ಕೇಳಿದೆ.

'ಐದು ತಿಂಗ್ಳು ಕಣವ್ವ. ಐದ್ ತಿಂಗ್ಳಾಯ್ತಿದ್ದಂಗೆ ಕಳುಸ್ಬುಡ್ತೀನಿ. ಒಂದಿನಾನೂ ಹೆಚ್ಗೆ ಇಟ್ಕಳಕ್ಕಿಲ್ಲ.'

ಬಾಣಂತನಕ್ಕೆ ಐದು ತಿಂಗಳು ಎಂಬುದು ನಮಗೂ ಗೊತ್ತಿರಲಿಲ್ಲವೇ?