ಅಕ್ಕ ಕೇಳಿದ ಸಿಡಿ

ಅಕ್ಕನ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಅರಿಶಿನ ಹಿಡಿದಿರುತ್ತಿತ್ತು. ಕಾರು ಓಡಿಸುವಾಗ ಅದೇ ಬೆರಳಿನಿಂದ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದಳು. ಟೆಕ್ಸಾಸಿನ ಫ್ರಿಸ್ಕೋದ ಮನೆಯಲ್ಲಿ ಹೋಳಿಗೆ ಮಾಡಿ, ಹಬ್ಬದ ಮುಂಚೆ ಆಸ್ಟಿನ್, ಹ್ಯೂಸ್ಟನ್‌ವರೆಗೂ ತಾನೇ ಹೋಗಿ ಕೊಟ್ಟು ಬರುತ್ತಿದ್ದಳು. ಡಬ್ಬಿ ಇಳಿಸಲು ಪಕ್ಕದಲ್ಲಿ ನಾನು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನ್ನನ್ನು ಧಾರವಾಡದಿಂದ ಕರೆಸಿಕೊಂಡು, ಕೆಲಸ ಕಲಿಸಿದವಳು ಅವಳೇ.

ಕಾರಿನಲ್ಲಿ ಇದ್ದದ್ದು ಒಂದೇ ಸಿಡಿ. ಕಂಟ್ರಿ ಎಂದು ಕರೆಯುವ ಇಲ್ಲಿಯ ಹಳ್ಳಿಗಾಡಿನ ಹಾಡು ಹಾಡುವ ಒಬ್ಬ ಗಾಯಕನ ಹಿಟ್ ಹಾಡುಗಳನ್ನೆಲ್ಲ ಕೂಡಿಸಿದ್ದು. ನನಗೆ ಒಂದು ಸಾಲೂ ತಿಳಿಯುತ್ತಿರಲಿಲ್ಲ. ಅಕ್ಕ ಜೊತೆಗೆ ಹಾಡುತ್ತ, ನಡುವೆ ಅರ್ಥ ಹೇಳುತ್ತಿದ್ದಳು.

“ಇದರಾಗ ಹೇಂತಿ ಬಿಟ್ಟು ಹೋಗ್ಯಾಳ. ನಾಯಿ ಒಂದ ಉಳದದ.”

“ಮುಂದಿನ ಹಾಡಿನಾಗ?”

“ನಾಯೀನೂ ಸತ್ತದ. ಸುಮ್ನ ಕೇಳಲೇ.”

ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಿಯ ಗುಡಿ ಹತ್ತಿರ ಬಂದ ಕೂಡಲೇ ನಾನು ಸದ್ದು ಇಳಿಸಿಬಿಡುತ್ತಿದ್ದೆ. ಹೋಳಿಗೆ ಕೊಳ್ಳುವ ಆಂಟಿಯರು ಏನೆಂದುಕೊಂಡಾರು ಎಂಬ ಅಂಜಿಕೆ. ಅಕ್ಕ ನಕ್ಕು ಮತ್ತೆ ಏರಿಸುತ್ತಿದ್ದಳು. “ಮೀನಾಕ್ಷಿ ಟೆಕ್ಸಾಸಿಗೆ ಬಂದು ಭಾಳ ದಿನ ಆತೋ. ಆಕೀಗೂ ರೂಢಿ ಆಗಿರ್ತದ.”

ಆಮೇಲೆ ಅವಳಿಗೆ ಕಾಯಿಲೆ ಬಂತು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರರು ಇನ್ನು ಔಷಧ ಬೇಡ ಎಂದರು. ಸುದ್ದಿ ತಿಳಿದು ಆಂಟಿಯರು ಬಂದು ಮಂಚದ ಸುತ್ತ ಕುಳಿತರು. ಅವರೆದುರಿಗೇ ಅಕ್ಕ ಕೇಳಿದಳು.

“ಆ ಸಿಡಿ ತಂದೀಯೇನು?”

ತಂದಿದ್ದೆ. ಪ್ಲೇಯರ್ ಸಹಿತ ನನ್ನ ಚೀಲದಲ್ಲೇ ಇತ್ತು. “ಈಗ ದೇವರ ಸ್ತೋತ್ರ ಕೇಳಬೇಕಕ್ಕಾ” ಎಂದೆ.

“ದೇವರು ಹೆಂಗೂ ಸಿಗ್ತಾನ. ಅಲ್ಲಿ ಇವನ ಹಾಡು ಹಚ್ತಾರೋ ಇಲ್ಲೋ. ಹಚ್ಚಲೇ.”

ಒಬ್ಬರು ನಕ್ಕರು. ಉಳಿದವರು ನನ್ನ ಮುಖ ನೋಡಿದರು. ನಾನು ಫೋನಿನಲ್ಲಿ ಸ್ತೋತ್ರ ಹಚ್ಚಿ ದಿಂಬಿನ ಪಕ್ಕ ಇಟ್ಟೆ.

“ಒಂದ ಹಾಡು ಹಚ್ಚೋ” ಎಂದಳು.

“ನಾಳೆ ಹಚ್ತೀನಿ.”

ಅವರೆಲ್ಲ ಹೋದ ಮೇಲೆ ಹಾಕೋಣ ಎಂದುಕೊಂಡಿದ್ದೆ. ಅವರು ಪಾಳಿಯ ಮೇಲೆ ಕುಳಿತರು. ಕೋಣೆ ಖಾಲಿಯಾಗಲೇ ಇಲ್ಲ. ಅವರಿಗೆ ಸ್ವಲ್ಪ ಹೊರಗೆ ಕೂತಿರಿ ಎನ್ನಬಹುದಿತ್ತು. ಅವರೆದುರಿಗೇ ಹಾಕಬಹುದಿತ್ತು. ಎರಡನ್ನೂ ಮಾಡಲಿಲ್ಲ. ಅಕ್ಕ ಮತ್ತೆ ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಬೆಳಿಗ್ಗೆ, ಆ ಸ್ತೋತ್ರ ನಡೆದಿರುವಾಗಲೇ ಹೋದಳು.

ಹದಿಮೂರನೆಯ ದಿನದ ಊಟಕ್ಕೆ ಎಲ್ಲರೂ ಬಂದಿದ್ದರು. ಅಂದು ಮಂಚದ ತಲೆಯ ಕಡೆಗೇ ಕುಳಿತಿದ್ದ ಆಂಟಿಯೊಬ್ಬರು ನನ್ನ ಕೈ ಹಿಡಿದುಕೊಂಡರು. ಅಕ್ಕ ಆ ಸಿಡಿ ಹಚ್ಚು ಎಂದದ್ದನ್ನು ಅವರೂ ಕೇಳಿಸಿಕೊಂಡಿದ್ದರು.

“ಕೊನೇ ಗಳಿಗೇಲಿ ದೇವರ ನಾಮ ಕಿವಿಗೆ ಬಿತ್ತಲ್ಲಪ್ಪ, ಎಂಥ ಪುಣ್ಯ! ತಮ್ಮ ಅಂದ್ರೆ ನಿನ್ನ ಥರ ಇರ್ಬೇಕು.”

“ಎಲ್ಲಾ ದೇವರ ದಯಾರೀ ಆಂಟಿ” ಎಂದೆ.

ಅವರ ಹಿಂದೆ ನಿಂತಿದ್ದವರು ಬಂದು ಅದನ್ನೇ ಹೇಳಿದರು. ಅವರಿಗೂ ಹಾಗೆಯೇ ಎಂದೆ.